ಬುಟ್ಟಿಯಲ್ಲಿ ಐದು ಇರಲಿಲ್ಲ

ಅವನು ಬಂದ ಮೊದಲ ದಿನವೇ ತಪ್ಪು ಮಾಡಿದ. ಅದೂ ಬಹಳ ಶ್ರದ್ಧೆಯಿಂದ.

ಆವತ್ತು ಗುರುವಾರ. ನೇಪಲ್ಸಿನ ಸಾನಿತಾ ಕೇರಿಯಲ್ಲಿ ಗುರುವಾರ ಮಧ್ಯಾಹ್ನ ರಫಿಲಿನಾ ದೊಡ್ಡಮ್ಮನ ಕ್ಲಿನಿಕ್ ತೆರೆಯುತ್ತದೆ. ಓಣಿಗೇ ಬಾಗಿಲಿರುವ ಒಂದು ಕೋಣೆಯ ಮನೆ ಅದು. ದೊಡ್ಡಮ್ಮನ ಅಕ್ಕ ತೀರಿಹೋದ ಮೇಲೆ ಖಾಲಿ ಬಿದ್ದಿತ್ತು. ಕೇರಿಯ ಟ್ರಾನ್ಸ್ ಹೆಣ್ಣುಮಕ್ಕಳು ತಾವೇ ಸೇರಿ ಗೋಡೆ ಕೆರೆದು ಬಣ್ಣ ಬಳಿದರು. ಒಬ್ಬಳು ಮಂಚ ತಂದಳು, ಒಬ್ಬಳು ಫ್ರಿಜ್ ತಂದಳು. ನಡುವೆ ಎಳೆಯುವ ಹಸಿರು ಪರದೆಯನ್ನು ಎರ್ಸಿಲಿಯಾ ಹೊಲಿದುಕೊಟ್ಟಳು. ದೊಡ್ಡ ಆಸ್ಪತ್ರೆಯ ಡಾಕ್ಟರ್ ಪೆಲೂಸೊ, ಸದಾ ಸಿಡುಕುವ ಹೆಂಗಸು, ತಮ್ಮ ಬಿಡುವಿನ ಹೊತ್ತನ್ನು ಇಲ್ಲಿಗೆ ಕೊಟ್ಟಿದ್ದರು.

"ಕೇರಿ ಹೆಸರೇ ಆರೋಗ್ಯ ಅಂತ," ಎನ್ನುತ್ತಿದ್ದಳು ದೊಡ್ಡಮ್ಮ. "ಅದೊಂದು ಬಿಟ್ಟು ಇಲ್ಲಿ ಮಿಕ್ಕಿದ್ದೆಲ್ಲ ಸಿಗುತ್ತೆ."

ಆ ಕ್ಲಿನಿಕ್ಕಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವಂತಿರಲಿಲ್ಲ. ಕಾರ್ಡಿನಲ್ಲಿ ಸರ್ಕಾರ ಬರೆದ ಹೆಸರು ಒಂದು, ಓಣಿ ಕರೆಯುವ ಹೆಸರು ಇನ್ನೊಂದು. ಅದಕ್ಕೇ ಬಾಗಿಲ ಬಳಿ ತೊಂಬೊಲಾ ಆಟದ ಬುಟ್ಟಿ ಇಟ್ಟಿದ್ದರು. ಒಂದರಿಂದ ತೊಂಬತ್ತರವರೆಗಿನ ಮರದ ಬಿಲ್ಲೆಗಳು ಅದರೊಳಗೆ. ಬಂದವಳು ಕೈ ಹಾಕಿ ಒಂದು ಬಿಲ್ಲೆ ಎತ್ತಿಕೊಂಡು ಕೂರಬೇಕು. ಸರದಿ ಬಂದಾಗ ದೊಡ್ಡಮ್ಮ ನಂಬರು ಕೂಗುತ್ತಾಳೆ. ನೇಪಲ್ಸಿನಲ್ಲಿ ಪ್ರತಿ ನಂಬರಿಗೂ ಒಂದು ಅರ್ಥವಿದೆ, ಅದು ಎಲ್ಲರಿಗೂ ಬಾಯಿಪಾಠ. ಹದಿನೆಂಟು ಎಂದರೆ ರಕ್ತ. ಇಪ್ಪತ್ತೆರಡು ಹುಚ್ಚ. ತೊಂಬತ್ತು ಭಯ. "ಬಾರೇ ಭಯ, ಡಾಕ್ಟರ್ ಕರೀತಿದಾರೆ" ಎಂದು ದೊಡ್ಡಮ್ಮ ಕೂಗಿದರೆ ಕಾಯುತ್ತ ಕೂತವರೆಲ್ಲ ನಗುತ್ತಿದ್ದರು. ನಗುವವರ ನಡುವೆ ಎದ್ದು ಹೋಗುವುದು ಸುಲಭ.

ಎರ್ಸಿಲಿಯಾ ಪರದೆ ಹೊಲಿದವಳೇ ಹೊರತು ಅದರ ಆಚೆ ಒಮ್ಮೆಯೂ ಹೋದವಳಲ್ಲ. ಆ ದಿನ ದೊಡ್ಡಮ್ಮ ಕೈ ಹಿಡಿದು ಎಳೆದುಕೊಂಡು ಬಂದಿದ್ದಳು. ಬುಟ್ಟಿಗೆ ಕೈ ಹಾಕಿದರೆ ಐದು ಬಂತು. ಐದು ಎಂದರೆ ಕೈ.

"ನೋಡೇ, ಕೈಗವಸು ಹೊಲಿಯೋಳಿಗೆ ಕೈಯೇ ಬಂತು," ಎಂದಳು ಪಕ್ಕದಲ್ಲಿದ್ದ ಮೆನಿಕೆಲ್ಲಾ. "ನಂಗೆ ಮಾತ್ರ ದಿನಾ ಹಳೇ ಮುದುಕಿ ನಂಬರೇ."

ದೊಡ್ಡಮ್ಮ ಕಾಫಿ ತರಲು ಆಚೆ ಹೋದಳು. ಪರದೆಯ ಒಳಗಿಂದ ಡಾಕ್ಟರ್ ಕೂಗಿದರು, "ಮುಂದಿನವರನ್ನ ಕಳಿಸಪ್ಪ."

ಹೊಸ ನರ್ಸ್ ಹೊರಗೆ ಬಂದ. ನಲವತ್ತರ ಆಸುಪಾಸು, ಎತ್ತರದ ಆಳು, ಇಸ್ತ್ರಿ ಹಾಕಿದ ಬಿಳಿ ಅಂಗಿ. ಹೆಸರು ಸಾವೇರಿಯೊ. ಪೂರ್ವದ ಗುಡ್ಡಗಾಡಿನವನು, ಊರಿಗೆ ಹೊಸಬ. ಮೇಜಿನ ಮೇಲೆ ಚೆಲ್ಲಾಪಿಲ್ಲಿ ಬಿದ್ದಿದ್ದ ಆರೋಗ್ಯ ಕಾರ್ಡುಗಳನ್ನು ನೋಡಿದ. ಒಟ್ಟು ಮಾಡಿ, ಅಂಚು ಸರಿಯಾಗಿ ತಟ್ಟಿ, ಮೇಲಿನದನ್ನು ಎತ್ತಿಕೊಂಡು, ದೊಡ್ಡ ಆಸ್ಪತ್ರೆಯ ಉದ್ದ ವರಾಂಡಗಳಲ್ಲಿ ಪಳಗಿದ ಗಂಟಲಿನಲ್ಲಿ ಅದರ ಮೇಲಿದ್ದ ಹೆಸರನ್ನು ಓದಿದ.

ಕೂತವರೆಲ್ಲ ಎರ್ಸಿಲಿಯಾಳ ಕಡೆ ತಿರುಗದೆ ನೆಲ ನೋಡಿದರು.

ಯಾರೂ ಏಳಲಿಲ್ಲವೆಂದು ಇನ್ನೊಮ್ಮೆ ಓದಿದ. ಇನ್ನೂ ಸ್ಪಷ್ಟವಾಗಿ.

ಎರ್ಸಿಲಿಯಾ ಎದ್ದಳು. ಪರದೆಯ ಕಡೆಗಲ್ಲ, ಬಾಗಿಲ ಕಡೆಗೆ. ಅವಳ ಮಡಿಲಿನಿಂದ ಮರದ ಬಿಲ್ಲೆ ಜಾರಿ ನೆಲದ ಮೇಲೆ ಉರುಳಿಕೊಂಡು ಹೋಗಿ ಅವನ ಬೂಟಿಗೆ ತಾಗಿ ನಿಂತಿತು.

"ಅಯ್ಯೋ ಬೃಹಸ್ಪತಿ," ಎಂದಳು ಮೆನಿಕೆಲ್ಲಾ. "ಏನು ಮಾಡಿದೆ ಗೊತ್ತಾ ನೀನು?"

ಅವನಿಗೆ ಗೊತ್ತಾಗಿತ್ತು. ಮುಖ ಕಿವಿಯ ತನಕ ಕೆಂಪಾಗಿತ್ತು.

*

ಮರುದಿನ ಅವನು ಅವಳ ಮನೆಯ ಬಾಗಿಲಿಗೆ ಬಂದ.

ಎರ್ಸಿಲಿಯಾಳ ಮನೆಯೂ ಓಣಿಗೇ ತೆರೆದುಕೊಂಡದ್ದು. ಕೆಳಗಿನ ಅರ್ಧ ಬಾಗಿಲು ಮುಚ್ಚಿ, ಮೇಲಿನ ಅರ್ಧ ತೆರೆದಿಟ್ಟು, ಬೆಳಕಿಗೆ ಮೆಷಿನ್ ಹಾಕಿಕೊಂಡು ದಿನವಿಡೀ ಕೈಗವಸು ಹೊಲಿಯುತ್ತಿದ್ದಳು. ಮೇಕೆಮರಿಯ ತೊಗಲು, ಬೆರಳುಗಳ ನಡುವಿನ ಸಣ್ಣ ಪಟ್ಟಿ, ಕಣ್ಣಿಗೆ ಕಾಣದಂಥ ಹೊಲಿಗೆ.

"ಸಿನ್ಯೋರಾ," ಎಂದ, ಹೆಂಗಸರನ್ನು ಕರೆಯುವ ಮರ್ಯಾದೆಯಲ್ಲಿ. "ಕ್ಷಮೆ ಕೇಳೋಕೆ ಬಂದೆ."

ಅವಳು ತಲೆ ಎತ್ತಲಿಲ್ಲ. "ಕೇಳಿದ್ರಲ್ಲ. ಆಯ್ತು."

"ಕಾಲು ತೋರಿಸೋಕೆ ಬಂದಿದ್ರಂತೆ. ದೊಡ್ಡಮ್ಮ ಹೇಳಿದ್ರು. ಬರೋ ಗುರುವಾರ ನಾನು ಬರೋದಿಲ್ಲ. ನೀವು ಬನ್ನಿ."

"ನೀವು ಬಂದ್ರೂ ಬಿಟ್ರೂ ನನಗೇನು? ಕಾಲಿಗೆ ಏನೂ ಆಗಿಲ್ಲ. ಕೂತು ಕೂತು ಜೋಮು ಹಿಡಿದಿದೆ."

"ಒಂದ್ಸಲ ನೋಡಿಸಿದ್ರೆ..."

ಅವಳು ಎದ್ದು ಬಾಗಿಲಿನ ಮೇಲಿನ ಅರ್ಧವನ್ನೂ ಮುಚ್ಚಿದಳು. ಒಳಗೆ ಕತ್ತಲಾಯಿತು. ಆ ಕತ್ತಲೆಯಲ್ಲಿ ಬಲ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಳು. ಅಲ್ಲಿ ಮೂಳೆ ಒಂದು ಕಡೆ ಉಬ್ಬಿಕೊಂಡಿತ್ತು. ಎಷ್ಟೋ ವರ್ಷದ ಹಿಂದೆ ಮೆಟ್ಟಿಲಿನಿಂದ ಬಿದ್ದು ಮುರಿದಾಗ ಆಸ್ಪತ್ರೆಗೆ ಹೋಗಿದ್ದಳು, ಎರಡು ಕಿವಿಗೂ ಓಲೆ ಹಾಕಿಕೊಂಡು. ಜನ ತುಂಬಿದ ಹಾಲ್‌ನಲ್ಲಿ ಕಾರ್ಡಿನಲ್ಲಿದ್ದ ಆ ಗಂಡು ಹೆಸರು ಕೂಗಿದ್ದರು. ಅವಳು ಎದ್ದಾಗ ಎದುರು ಬೆಂಚಿನ ಜನ ನಕ್ಕಿದ್ದರು. ಒಬ್ಬ ತನ್ನ ಹೆಂಡತಿಯನ್ನು ಮೊಣಕೈಯಿಂದ ತಿವಿದು ತೋರಿಸಿದ್ದ. ಅವಳು ಪ್ಲಾಸ್ಟರ್ ಹಾಕಿಸಿಕೊಳ್ಳದೆ ಮನೆಗೆ ಬಂದಳು. ಮೂಳೆ ತನಗೆ ತೋಚಿದಂತೆ ಕೂಡಿಕೊಂಡಿತು. ಚಳಿಗಾಲದಲ್ಲಿ ಈಗಲೂ ನೋಯುತ್ತದೆ.

ಹಾರ್ಮೋನಿನ ಮಾತ್ರೆಯನ್ನೂ ಹಾಗೇ ಅವರಿವರ ಕೈಯಿಂದ ತರಿಸಿಕೊಂಡು ಹದಿಹರೆಯದಿಂದ ನುಂಗುತ್ತ ಬಂದಿದ್ದಳು. ಇಷ್ಟು ನುಂಗು ಎಂದು ಹೇಳಿದವರೂ ಇರಲಿಲ್ಲ, ಸಾಕು ಎಂದವರೂ ಇರಲಿಲ್ಲ.

ಎಡಗಾಲು ಬಿಗಿಯುತ್ತಿತ್ತು. ಸಾಯುವುದಾದರೆ ಸಾಯುತ್ತೇನೆ, ಆ ಹೆಸರಿಗೆ ಇನ್ನೊಮ್ಮೆ ಎದ್ದು ನಿಲ್ಲುವುದಿಲ್ಲ ಎಂದುಕೊಂಡಳು. ಅವಳಿಗೆ ಇದು ದೊಡ್ಡ ಮಾತು ಎಂದೂ ಅನ್ನಿಸಲಿಲ್ಲ.

*

ಡಿಸೆಂಬರ್ ಎಂಟು, ಮೇರಿಮಾತೆಯ ಹಬ್ಬ. ಆ ಮಧ್ಯಾಹ್ನ ದೊಡ್ಡಮ್ಮನ ಮನೆಯಲ್ಲಿ ಚಳಿಗಾಲದ ಮೊದಲ ತೊಂಬೊಲಾ.

ಈ ಕೇರಿಯ ತೊಂಬೊಲಾ ನಡೆಸುವುದು ದೊಡ್ಡಮ್ಮನಂಥವರು, ಗಂಡೆನಿಸಿ ಹುಟ್ಟಿ ಹೆಣ್ಣಾಗಿ ಬಾಳುವವರು. ಅವರನ್ನು ಓಣಿಯ ಜನ ಹಿಂದಿನಿಂದಲೂ ಫೆಮ್ಮಿನಿಯೆಲ್ಲಿ ಎನ್ನುತ್ತಾರೆ. ಹುಟ್ಟಿದ ಕೂಸನ್ನು ಅದೃಷ್ಟಕ್ಕೆಂದು ಅವರ ಮಡಿಲಿಗೆ ಹಾಕುತ್ತಾರೆ. ಆಟಕ್ಕೆ ಕೂರುವುದು ಅವರು ಮತ್ತು ಓಣಿಯ ಹೆಂಗಸರು. ಗಂಡಸರಿಗೆ ಒಳಗೆ ಜಾಗವಿಲ್ಲ. ಬೇಕಾದರೆ ಹೊಸ್ತಿಲಾಚೆ ನಿಂತು ಕತ್ತು ಚಾಚಿ ನೋಡಬಹುದು, ಬೈಸಿಕೊಳ್ಳಬಹುದು.

ಸಾವೇರಿಯೊ ಆ ಗಂಡಸರ ಗುಂಪಿನಲ್ಲಿ ನಿಂತಿದ್ದ. ಎಲ್ಲರಿಗಿಂತ ಒಂದು ತಲೆ ಎತ್ತರ.

"ಹದಿನೆಂಟು ಬಂದಿದಾನೆ," ಎಂದಳು ಮೆನಿಕೆಲ್ಲಾ, ಎರ್ಸಿಲಿಯಾಳ ಕಿವಿಯಲ್ಲಿ. ರಕ್ತ ತೆಗೆಯುವವನಾದ್ದರಿಂದ ಅವನಿಗೆ ಆ ಹೆಸರು ಆಗಲೇ ಅಂಟಿತ್ತು. "ನಿನ್ನನ್ನೇ ನೋಡ್ತಿದಾನೆ ಕಣೇ."

"ನೋಡಲಿ. ಕಣ್ಣಿಗೇನು ಬಾಡಿಗೆ ಕೊಡಬೇಕಾ?"

"ಮತ್ತೆ ನೀನ್ಯಾಕೆ ಜಡೆ ಸರಿ ಮಾಡ್ಕೊಂಡೆ?"

"ಸುಮ್ನೆ ಕಾರ್ಡು ನೋಡು."

ದೊಡ್ಡಮ್ಮ ಬುಟ್ಟಿ ಕುಲುಕಿ ಒಂದೊಂದೇ ಬಿಲ್ಲೆ ತೆಗೆದು, ಬಂದ ನಂಬರುಗಳನ್ನೆಲ್ಲ ಪೋಣಿಸಿ ಕತೆ ಕಟ್ಟುತ್ತಿದ್ದಳು. ಒಬ್ಬ ಹುಚ್ಚ, ಒಬ್ಬಳು ಮದುಮಗಳು, ಮದುವೆಗೆ ಕರೆಯದೆ ಬಂದ, ಪುರ್ಗೆಟರಿಯಲ್ಲಿ ಸ್ವರ್ಗಕ್ಕೆ ಕಾಯುವ ಸತ್ತವರ ಆತ್ಮಗಳು. ಹೆಂಗಸರು ಕಣ್ಣೊರೆಸಿಕೊಂಡು ನಗುತ್ತಿದ್ದರು. ಆಟದ ಕಾರ್ಡುಗಳ ಮೇಲೆ, ಬಂದ ನಂಬರು ಮುಚ್ಚಲು ಇಟ್ಟ ಕಿತ್ತಳೆ ಸಿಪ್ಪೆಯ ಚೂರುಗಳು ತುಂಬುತ್ತ ಬಂದವು.

"ನಂಗೊಂದೇ ಬಾಕಿ," ಎಂದಳು ಮೆನಿಕೆಲ್ಲಾ. "ಐದು. ದೊಡ್ಡಮ್ಮಾ, ಕೈ ಕೊಡು."

ಕೈ ಬರಲಿಲ್ಲ. ಮೂವತ್ತೆಂಟು ಬಂತು. ಅರವತ್ತೈದು ಬಂತು. ಮತ್ತೆ ಬರಲಿಲ್ಲ. ಎದುರು ಮನೆಯ ಹೆಂಗಸಿಗೂ ಒಂದೇ ಬಾಕಿ ಉಳಿದಾಗ ಮೆನಿಕೆಲ್ಲಾ ಎದ್ದು ನಿಂತಳು.

"ಬುಟ್ಟಿ ಸುರಿ."

"ಕೂತ್ಕೊಳೇ ಜಗಳಗಂಟಿ."

"ಸುರಿ ಅಂದ್ರೆ ಸುರಿ. ಐದಿದೆಯೋ ಇಲ್ವೋ ನೋಡೇಬಿಡಣ."

ಸುರಿದರು. ಐದು ಇರಲಿಲ್ಲ.

ಕೋಣೆಯಲ್ಲಿ ಗದ್ದಲವೆದ್ದಿತು. ದೊಡ್ಡಮ್ಮ ನುಂಗಿದ್ದಾಳೆ ಎಂದರು ಒಬ್ಬರು. ಎದುರು ಮನೆಯವಳ ರವಿಕೆಯೊಳಗೆ ಹುಡುಕಿ ಎಂದರು ಇನ್ನೊಬ್ಬರು. ಆಗ ಹೊಸ್ತಿಲಾಚೆಯಿಂದ ಒಂದು ಕೈ ಮೇಲೆದ್ದಿತು, ಶಾಲೆಯ ಮಕ್ಕಳು ಎತ್ತುವ ಹಾಗೆ.

"ನನ್ನ ಹತ್ರ ಇದೆ," ಎಂದ ಸಾವೇರಿಯೊ.

ಎಲ್ಲರೂ ತಿರುಗಿದರು.

"ಆವತ್ತು ಸಿನ್ಯೋರಾ ಬೀಳಿಸಿ ಹೋದ್ರಲ್ಲ. ಅವರ ಸರದಿ ಇನ್ನೂ ಬಾಕಿ ಇದೆ ಅಂತ... ಬೇರೆಯವರಿಗೆ ಹೋಗಬಾರದು ಅಂತ ಇಟ್ಕೊಂಡಿದ್ದೆ." ಜೇಬಿನಿಂದ ಬಿಲ್ಲೆ ತೆಗೆದ. "ದಿನಾ ಜೇಬಲ್ಲೇ ಇರುತ್ತೆ. ಆಟಕ್ಕೂ ಇದೇ ಬೇಕು ಅಂತ ಗೊತ್ತಿರಲಿಲ್ಲ."

"ಮೂರು ಗುರುವಾರದಿಂದ ನಾನು ಒಂದು ಬಿಲ್ಲೆ ಕಮ್ಮಿ ಬುಟ್ಟಿ ಹಿಡ್ಕೊಂಡು ಓಡಾಡ್ತಿದೀನಾ?" ಎಂದಳು ದೊಡ್ಡಮ್ಮ. "ಲೋ ಗುಡ್ಡದವನೇ, ನಿಮ್ಮೂರಲ್ಲಿ ಸರದೀನ ಜೇಬಲ್ಲಿ ಇಟ್ಕೋತಾರಾ?"

ಎಲ್ಲಕ್ಕಿಂತ ಮೊದಲು ನಕ್ಕವಳು ಎರ್ಸಿಲಿಯಾ. ತನಗೇ ಗೊತ್ತಿಲ್ಲದೆ, ಬಾಯಿಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ನಗು ಹೊರಗೆ ಬಂದಾಗಿತ್ತು. ಆಮೇಲೆ ಇಡೀ ಕೋಣೆ ನಕ್ಕಿತು.

"ಹೋಗು, ನಿಂದೇ ಸಾಮಾನು, ನೀನೇ ಇಸ್ಕೊಂಡು ಬಾ," ಎಂದು ಮೆನಿಕೆಲ್ಲಾ ಅವಳನ್ನು ತಳ್ಳಿದಳು.

ಎರ್ಸಿಲಿಯಾ ಎದ್ದು ಹೊಸ್ತಿಲಿಗೆ ಹೋದಳು. ಅವನು ಅಂಗೈ ಚಾಚಿದ. ಅಂಗೈಯ ನಡುವೆ ಬಿಲ್ಲೆ. ಜೇಬಿನ ಬಿಸಿ ಇನ್ನೂ ಅದರಲ್ಲಿತ್ತು. ಅವನ ಎಡಗೈ ಕಿರುಬೆರಳು ಸೊಟ್ಟಗಿರುವುದನ್ನು ಅವಳು ಆಗಲೇ ಮೊದಲು ನೋಡಿದ್ದು.

ಅವನು ಅವಳ ಮುಖ ನೋಡುತ್ತಿರಲಿಲ್ಲ. ಕೆಳಗೆ ನೋಡುತ್ತಿದ್ದ.

"ಈ ಕಾಲು ಯಾವಾಗಿನಿಂದ ಹೀಗಿದೆ?" ಎಂದ. ದನಿ ಬದಲಾಗಿತ್ತು.

ಅವಳೂ ನೋಡಿಕೊಂಡಳು. ಎಡಗಾಲು ಬಲಗಾಲಿನ ಒಂದೂವರೆಯಷ್ಟಾಗಿತ್ತು. ಕಾಲುಚೀಲದ ಮೇಲೆ ಚರ್ಮ ಹೊಳೆಯುತ್ತಿತ್ತು.

"ದೊಡ್ಡಮ್ಮ," ಅವನು ಒಳಗೆ ಕೂಗಿದ, ಹೊಸ್ತಿಲು ದಾಟದೆಯೇ. "ಆಟ ನಿಲ್ಸಿ. ಆಸ್ಪತ್ರೆಗೆ ಹೋಗ್ಬೇಕು. ಈಗ್ಲೇ."

"ನಾನು ಬರಲ್ಲ," ಎಂದಳು ಎರ್ಸಿಲಿಯಾ.

"ಬರ್ತೀಯ," ಎಂದಳು ದೊಡ್ಡಮ್ಮ. ಅವಳು ಆಗಲೇ ಶಾಲು ಹೊದ್ದಿದ್ದಳು. "ಐವತ್ತು ವರ್ಷದಿಂದ ಮಣ್ಣು ಮಾಡ್ತಾನೇ ಇದೀನಿ ನಮ್ಮ ಹುಡುಗೀರ್ನ. ನಿನ್ನ ಪೆಟ್ಟಿಗೆ ಹೊರೋಕೆ ನನ್ನ ಭುಜದಲ್ಲಿ ಶಕ್ತಿ ಇಲ್ಲ. ನಡಿ."

*

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹಬ್ಬದ ದಿನದ ಜನ. ಕೈ ಸುಟ್ಟುಕೊಂಡವರು, ಹೊಟ್ಟೆ ಕೆಟ್ಟವರು, ಅವರ ಜೊತೆಗೆ ಬಂದ ಮನೆಮಂದಿ. ನೋಂದಣಿ ಕಿಟಕಿಯಲ್ಲಿ ಕೂತಿದ್ದ ಹೆಂಗಸು ಕಾರ್ಡು ತೆಗೆದುಕೊಂಡು, ತಲೆ ಎತ್ತದೆ, ಕರೀತೀವಿ ಕೂತಿರಿ ಎಂದಳು. ಸಾವೇರಿಯೊ ಕಿಟಕಿಗೆ ಬಾಗಿ ಏನೋ ಹೇಳಹೊರಟ. ಹಿಂದಿನಿಂದ ಸ್ಟ್ರೆಚರ್ ಬಂತು, ಅವನನ್ನು ಸರಿಸಿದರು.

ಮೂವರೂ ಕೂತರು. ದೊಡ್ಡಮ್ಮ ನಡುವೆ.

ಕಿಟಕಿಯಲ್ಲಿ ಯಾರು ತಲೆ ಎತ್ತಿದರೂ ಎರ್ಸಿಲಿಯಾ ಬಾಗಿಲ ಕಡೆ ನೋಡುತ್ತಿದ್ದಳು. ಎದುರು ಬೆಂಚಿನಲ್ಲಿ ಒಂದು ಕುಟುಂಬ, ಕಿವಿಗೆ ಓಲೆ ಹಾಕಿದ ಅವಳನ್ನು ಒಮ್ಮೆ, ಅವಳ ದೊಡ್ಡ ಅಂಗೈಗಳನ್ನು ಒಮ್ಮೆ ನೋಡುತ್ತಿತ್ತು.

"ಕರೆದ್ರೆ ನಾನು ಏಳಲ್ಲ ದೊಡ್ಡಮ್ಮ," ಎಂದಳು ಮೆಲ್ಲಗೆ. "ನನ್ನಾಣೆ. ನಂಗಾಗಲ್ಲ."

ಜಪಮಾಲೆ ತಿರುಗಿಸುತ್ತಿದ್ದ ದೊಡ್ಡಮ್ಮನ ಬೆರಳು ನಿಂತಿತು. ಸಾವೇರಿಯೊನಿಗೂ ಕೇಳಿಸಿತ್ತು.

ಆಮೇಲೆ ಕರೆದರು.

ಆ ಹೆಸರು, ಅಪ್ಪ ಇಟ್ಟ ಹೆಸರು, ಹಾಲ್‌ನ ಈ ತುದಿಯಿಂದ ಆ ತುದಿಗೆ ಹೋಗಿ ಗೋಡೆಗೆ ತಾಗಿ ವಾಪಸು ಬಂತು. ಎಲ್ಲರೂ ತಲೆ ಎತ್ತಿ ಸುತ್ತ ನೋಡಿದರು. ಯಾರು ಏಳುತ್ತಾರೆ ಎಂದು ನೋಡುವುದೊಂದೇ ಕೆಲಸ ಅಲ್ಲಿ.

ಸಾವೇರಿಯೊ ಎದ್ದು ನಿಂತ.

"ನಾನೇ," ಎಂದ.

ಅವನು ಹಾಲ್‌ನ ನಡುವೆ ಕಿಟಕಿಯ ಕಡೆಗೆ ನಡೆದ. ಎದುರು ಬೆಂಚಿನವರು ಅವನನ್ನು ನೋಡಿದರು, ನೋಡಲು ಏನೂ ಇಲ್ಲವೆಂದು ತಮ್ಮ ಮಾತಿಗೆ ಮರಳಿದರು. ಅವನು ಕಿಟಕಿಗೆ ಬಾಗಿ ಬಹಳ ಹೊತ್ತು ಮೆಲುದನಿಯಲ್ಲಿ ಮಾತಾಡಿದ. ಕಿಟಕಿಯ ಹೆಂಗಸು ಮೊದಲು ಹುಬ್ಬು ಗಂಟಿಕ್ಕಿದಳು. ಆಮೇಲೆ ಅವನ ಭುಜದಾಚೆ ನೋಡಿದಳು. ಆಮೇಲೆ ಪೆನ್ನು ಕೆಳಗಿಟ್ಟು, ಎದ್ದು, ಸುತ್ತು ಹಾಕಿಕೊಂಡು ಹೊರಗೆ ಬಂದು, ಎರ್ಸಿಲಿಯಾಳ ಮುಂದೆ ನಿಂತಳು.

"ಬನ್ನಿ ಸಿನ್ಯೋರಾ. ಮೆಲ್ಲಗೆ. ನನ್ನ ತೋಳು ಹಿಡ್ಕೊಳಿ."

ಎರ್ಸಿಲಿಯಾ ಎದ್ದಳು. ಇಷ್ಟು ವರ್ಷ ಅವಳು ಒಬ್ಬಳೇ ಹೊತ್ತ ಹೆಸರನ್ನು ಇನ್ನೊಬ್ಬ ಸ್ವಲ್ಪ ಹೊತ್ತು ಹೊತ್ತಿದ್ದ. ಅದು ಅವನ ಮೇಲೆ ಭಾರವಾಗಿ ಕಾಣಲಿಲ್ಲ. ಬೇರೆಯವರ ಕೋಟು ಹಿಡಿದುಕೊಂಡು ನಿಂತವನ ಹಾಗೆ ನಿಂತಿದ್ದ.

*

ತೊಡೆಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಇನ್ನೂ ತಡ ಮಾಡಿದ್ದರೆ ಶ್ವಾಸಕೋಶಕ್ಕೆ ಏರುತ್ತಿತ್ತು ಎಂದು ಡಾಕ್ಟರ್ ಪೆಲೂಸೊ ಬೈದರು. ಅವಳನ್ನು ಬೈದರು, ದೊಡ್ಡಮ್ಮನನ್ನು ಬೈದರು, ಕಾಫಿ ತಣ್ಣಗಿದೆ ಎಂದು ಯಾರನ್ನೋ ಬೈದರು. ಬೈಯುತ್ತಲೇ ಅವಳಿಗೆ ಹೆಂಗಸರ ವಾರ್ಡಿನಲ್ಲಿ ಕಿಟಕಿ ಪಕ್ಕದ ಹಾಸಿಗೆ ಕೊಡಿಸಿದರು. ರಕ್ತ ಹೆಪ್ಪುಗಟ್ಟಿಸುವ ಆ ಹಳೆಯ ಹಾರ್ಮೋನ್ ಮಾತ್ರೆಗಳನ್ನು ಕಸದ ಬುಟ್ಟಿಗೆ ಎಸೆದು, ಮುಂದೆ ಚರ್ಮಕ್ಕೆ ಅಂಟಿಸುವ ಪಟ್ಟಿ ಕೊಡ್ತೀನಿ, ನಾನು ಹೇಳಿದಾಗ, ನಾನು ಹೇಳಿದಷ್ಟು ಎಂದರು.

ಎರ್ಸಿಲಿಯಾ ಮಲಗಿಕೊಂಡು ಸೂರು ನೋಡಿದಳು. ಪಕ್ಕದ ಹಾಸಿಗೆಯ ಅಜ್ಜಿ ಅವಳಿಗೆ ತನ್ನ ಸೊಸೆಯ ಮೇಲೆ ಚಾಡಿ ಹೇಳುತ್ತಿದ್ದಳು. ಮೆನಿಕೆಲ್ಲಾ ಹುರುಳಿಕಾಯಿ ಹಾಕಿದ ಪಾಸ್ತಾ ತಂದು, ಅರ್ಧ ತಾನೇ ತಿಂದು ಹೋಗಿದ್ದಳು. ಎದುರು ಮನೆಯವಳು ಮೆಷಿನ್ನಿಗೆ ಧೂಳು ಬೀಳದಂತೆ ಬಟ್ಟೆ ಹೊದಿಸಿದ್ದೇನೆ ಎಂದು ಹೇಳಿಕಳಿಸಿದ್ದಳು. ಮೂಳೆ ಮುರಿದಾಗಲೂ ಅಳದಿದ್ದವಳಿಗೆ ಆ ಬಟ್ಟೆ ನೆನೆದು ಅಳು ಬಂತು. ಎಷ್ಟೋ ದಿನದಿಂದ ಒಳಗೆ ಏನೂ ಅಲ್ಲಾಡುತ್ತಿರಲಿಲ್ಲ. ಈಗ ಅಲ್ಲಾಡಿತು. ಅದಕ್ಕೆ ಏನು ಹೆಸರೆಂದು ತಕ್ಷಣ ಹೊಳೆಯಲಿಲ್ಲ. ಹೊಳೆದಾಗ, ಅದು ಬರೀ ಕೃತಜ್ಞತೆಯಾಗಿತ್ತು.

ಸಾವೇರಿಯೊ ಪ್ರತಿದಿನ ತನ್ನ ಪಾಳಿ ಮುಗಿದ ಮೇಲೆ ಬಂದು ಹಾಸಿಗೆಯ ಕಾಲ ಬಳಿ ನಿಲ್ಲುತ್ತಿದ್ದ. ಕೂತುಕೊಳ್ಳಿ ಎಂದರೆ ಮಾತ್ರ ಕೂರುತ್ತಿದ್ದ.

"ಆವತ್ತು ಯಾಕೆ ಎದ್ರಿ?" ಎಂದು ಕೇಳಿದಳು ಒಮ್ಮೆ.

"ನಾನೇ ಅಲ್ವಾ ಮೊದಲು ಆ ಹೆಸರು ಕೂಗಿದ್ದು," ಎಂದ. "ಕೂಗಿದವನೇ ಹೋಗಿ ತಗೊಂಡ್ರೆ ಸರಿ ಅನ್ಸ್ತು."

ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಥ್ಯಾಂಕ್ಸ್ ಎಂದು ಹೇಳಿ ಮುಗಿಸುವಂಥದ್ದಲ್ಲ ಅದು. ಅವರ ಓಣಿಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ತಟ್ಟೆ ಮುಚ್ಚಿಕೊಂಡು ಏನಾದರೂ ಬಿಸಿಯಾದದ್ದು ತಂದುಕೊಡುತ್ತಾರೆ. ತಾನು ಏನು ತಂದುಕೊಡಬಲ್ಲೆ ಎಂದು ಯೋಚಿಸುತ್ತ ಮಲಗಿದಳು.

*

ಕ್ರಿಸ್ಮಸ್ ಹೊತ್ತಿಗೆ ಅವಳು ಮನೆಗೆ ಬಂದಿದ್ದಳು. ರಕ್ತ ತೆಳುವಾಗುವ ಮಾತ್ರೆ ಕೊಟ್ಟಿದ್ದರು, ವಾರವಾರ ರಕ್ತ ಪರೀಕ್ಷೆ ಆಗಬೇಕಿತ್ತು. ಹಾಗಾಗಿ ಪ್ರತಿ ಗುರುವಾರ ಅವಳು ತಾನು ಹೊಲಿದ ಹಸಿರು ಪರದೆಯ ಆಚೆಗೆ ಹೋದಳು. ಬುಟ್ಟಿಯಲ್ಲಿ ಯಾವ ಬಿಲ್ಲೆ ಬಂದರೂ ಸರಿ, ಅವಳನ್ನು ಕರೆಯುವುದು ಮಾತ್ರ ಒಂದೇ ನಂಬರಿನಿಂದ.

"ಐದು," ಎನ್ನುತ್ತಿದ್ದ ಸಾವೇರಿಯೊ ಪರದೆ ಸರಿಸಿ.

"ನನ್ನ ಕೈಲಿರೋದು ಎಂಬತ್ತೆಂಟು."

"ಗೊತ್ತು. ಬನ್ನಿ."

ತೋಳು ಚಾಚಿದರೆ ಅವನ ಬೆರಳು ತಾಗುವುದು. ಅವಳು ಬೆಚ್ಚುವಳು.

"ಮಂಜುಗಡ್ಡೆ ಹಿಡ್ಕೊಂಡಿದ್ರಾ ಇಷ್ಟೊತ್ತು?"

"ನಮ್ಮ ಕಡೆಯವರ ಕೈಯೇ ಹೀಗೆ. ಚಳಿ ಊರು."

"ಕೈಗವಸು ಹಾಕ್ಕೊಳೋದು ತಾನೇ?"

"ಅಂಗಡೀದು ಈ ಬೆರಳಿಗೆ ಕೂರಲ್ಲ." ಎಡಗೈ ಕಿರುಬೆರಳು ತೋರಿಸಿದ. "ಚಿಕ್ಕವನಿದ್ದಾಗ ಅಪ್ಪನ ವ್ಯಾನಿನ ಬಾಗಿಲಿಗೆ ಸಿಕ್ಕು ಮುರೀತು. ಹಿಮ ಬಿದ್ದು ದಾರಿ ಮುಚ್ಚಿತ್ತು. ಆಸ್ಪತ್ರೆ ತನಕ ಹೋಗೋಕಾಗ್ಲಿಲ್ಲ. ಅದೇ ಹೆಂಗೋ ಕೂಡ್ಕೊಂಡ್ತು."

ಅವಳು ತನ್ನ ಬಲ ಮಣಿಕಟ್ಟನ್ನು ಮೆಲ್ಲಗೆ ಬೆಳಕಿಗೆ ತಿರುಗಿಸಿದಳು. ಉಬ್ಬಿದ ಮೂಳೆ.

ಅವನು ನೋಡಿದ. ಹೇಗಾಯಿತೆಂದು ಕೇಳಲಿಲ್ಲ. ಅವನಿಗೆ ಅದು ಅರ್ಥವಾಗಿರಬೇಕು, ಯಾಕೆಂದರೆ ಸೂಜಿ ಹಿಡಿದ ಕೈ ಒಂದು ಕ್ಷಣ ಸುಮ್ಮನಾಯಿತು.

"ನಮ್ಮಿಬ್ಬರದೂ ತಾನಾಗೇ ಕೂಡಿಕೊಂಡಿದ್ದು," ಎಂದಳು ಅವಳು.

"ಚುಚ್ಚುತ್ತೆ ಈಗ," ಎಂದ ಅವನು. "ಆಚೆ ನೋಡಿ."

ಅವಳು ಆಚೆ ನೋಡಲಿಲ್ಲ. ಅವನ ರೆಪ್ಪೆಗಳು ನೆಟ್ಟಗೆ ಕೆಳಗೆ ಬಾಗಿದ್ದವು, ಬಾಯಿ ಮಕ್ಕಳಂತೆ ಸ್ವಲ್ಪ ತೆರೆದಿತ್ತು. ಪರದೆಯ ಆಚೆಯಿಂದ ಮೆನಿಕೆಲ್ಲಾ ಕೂಗಿದಳು, "ಎಷ್ಟು ರಕ್ತ ತೆಗೀತೀಯೋ ಹದಿನೆಂಟು? ಮನೆಗೆ ಸ್ವಲ್ಪ ಉಳಿಸಿ ಕಳ್ಸು."

ಆ ಚಳಿಗಾಲದಲ್ಲಿ ಇನ್ನೊಂದಾಯಿತು. ಡಾಕ್ಟರ್ ಪೆಲೂಸೊ ಯಾರ ಯಾರ ಜೊತೆ ಜಗಳವಾಡಿದರೋ, ಕಿಟಕಿಯ ಆ ಹೆಂಗಸು ಯಾರಿಗೆ ಏನು ಹೇಳಿದಳೋ, ದೊಡ್ಡಮ್ಮನ ಕ್ಲಿನಿಕ್ಕಿನಿಂದ ಹೋದವರನ್ನು ದೊಡ್ಡ ಆಸ್ಪತ್ರೆಯಲ್ಲೂ ನಂಬರಿನಿಂದಲೇ ಕರೆಯಲು ಶುರು ಮಾಡಿದರು. ಆಮೇಲೆ ಎಲ್ಲರನ್ನೂ ಹಾಗೇ ಕರೆದರು. ಹೊಟ್ಟೆ ಕೆಟ್ಟವರನ್ನೂ, ಕೈ ಸುಟ್ಟುಕೊಂಡವರನ್ನೂ. ಮೆನಿಕೆಲ್ಲಾ ತನ್ನ ಹಲ್ಲುನೋವಿಗೂ ಅಲ್ಲಿಗೇ ಹೋಗಿಬಂದಳು, ಬರೀ ನೋಡಲಿಕ್ಕೆ.

ಎರ್ಸಿಲಿಯಾಗೆ ಮಾತ್ರ ಒಂದು ಕೊರತೆ ಕಾಣತೊಡಗಿತು. ಅವನು ಅವಳನ್ನು ಸಿನ್ಯೋರಾ ಎನ್ನುತ್ತಿದ್ದ. ಐದು ಎನ್ನುತ್ತಿದ್ದ. ನೀವು ಎನ್ನುತ್ತಿದ್ದ. ಅವಳ ಹೆಸರು ಅವನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ.

*

ಫೆಬ್ರವರಿ ಎರಡರಂದು ಕಾಂದೆಲೋರಾ, ಮೇಣದ ಬತ್ತಿಗಳ ಹಬ್ಬ. ಆ ದಿನ ದೊಡ್ಡಮ್ಮನ ಕಡೆಯವರೆಲ್ಲ ಮೊಂತೆವೆರ್ಜಿನೆ ಬೆಟ್ಟ ಹತ್ತಿ, ತಮ್ಮನ್ನು ಯಾವತ್ತೂ ಹೊರಗಿಡದ ಕಪ್ಪು ಮೊಗದ ಮೇರಿಮಾತೆಗೆ ಕೈಮುಗಿದು ಬರುತ್ತಾರೆ. ಅದಕ್ಕೂ ಮೊದಲಿನ ಭಾನುವಾರ, ಆ ಚಳಿಗಾಲದ ಕೊನೆಯ ತೊಂಬೊಲಾ.

ದೊಡ್ಡಮ್ಮನ ಗಂಟಲು ಕಟ್ಟಿತ್ತು. ಬುಟ್ಟಿಯನ್ನು ಎರ್ಸಿಲಿಯಾಳ ಮಡಿಲಿಗಿಟ್ಟು, ಇವತ್ತು ನೀನೇ ಎಂದು ಸನ್ನೆ ಮಾಡಿದಳು.

ಎರ್ಸಿಲಿಯಾ ಬಿಲ್ಲೆ ತೆಗೆಯುತ್ತ, ನಡುಗುವ ದನಿಯಲ್ಲಿ ಶುರು ಮಾಡಿ, ಮೆಲ್ಲಗೆ ಹದಕ್ಕೆ ಬಂದಳು. ಒಬ್ಬಳು ಇದ್ದಳು, ಅವಳಿಗೆ ಭಯ, ತೊಂಬತ್ತು. ಅವಳ ಮನೆಗೆ ಒಬ್ಬ ಪೆದ್ದ ಬಂದ, ಇಪ್ಪತ್ಮೂರು. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವಳು ಮತ್ತೆ ಕೈ ಹಾಕಿದಳು. ಹದಿನೆಂಟು ಬಂತು.

ಓದಲಿಲ್ಲ. ಬಿಲ್ಲೆಯನ್ನು ಅಂಗೈಯಲ್ಲೇ ಮುಚ್ಚಿಕೊಂಡಳು. ಆಮೇಲೆ ಬುಟ್ಟಿಯನ್ನು ಮೆನಿಕೆಲ್ಲಾಳ ಕೈಗೆ ಕೊಟ್ಟು ಎದ್ದಳು.

"ಏ, ಆಟದ ನಡುವೆ ಎಲ್ಲಿಗೆ?"

"ಬಂದೆ ಇರು."

ಹೊಸ್ತಿಲಾಚೆ ಸಾವೇರಿಯೊ ಗೋಡೆಗೆ ಒರಗಿ, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದ. ಅವಳು ಹೊಸ್ತಿಲಿನ ಒಳಗೆ ನಿಂತಳು. ಏಪ್ರನ್ ಜೇಬಿನಿಂದ ಮೆತ್ತನೆ ಕಾಗದದ ಒಂದು ಸಣ್ಣ ಪೊಟ್ಟಣ ತೆಗೆದು ಕೊಟ್ಟಳು.

ಕಡು ಕಂದು ಕೈಗವಸು, ಒಳಗೆ ಉಣ್ಣೆ. ಅವನು ಬಲಗೈಗೆ ಹಾಕಿಕೊಂಡ. ಆಮೇಲೆ ಎಡಗೈಗೆ. ಕಿರುಬೆರಳು ತೂರಿಸುವಾಗ ಅಭ್ಯಾಸಬಲದಿಂದ ನಿಧಾನಿಸಿದ. ನಿಧಾನಿಸಬೇಕಾಗಿರಲಿಲ್ಲ. ತೊಗಲು ಆ ಸೊಟ್ಟ ಬೆರಳಿನ ಜೊತೆಗೇ ಬಾಗಿತ್ತು.

ಅವನು ಬೆರಳು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಅಳತೆ ತಗೊಂಡೇ ಇಲ್ಲ ನೀವು."

"ಪ್ರತಿ ಗುರುವಾರ ತಗೊಂಡಿದೀನಿ. ಆಚೆ ನೋಡಿ ಅಂತಿದ್ರಲ್ಲ, ನಾನು ನೋಡ್ತಿದ್ದಿದ್ದು ಅದನ್ನೇ."

ಅವನ ಕಿವಿ ಕೆಂಪಾಯಿತು. ಒಳಗೆ ಹೆಂಗಸರು ಆಟ ಬಿಟ್ಟು ಬಾಗಿಲ ಕಡೆ ತಿರುಗಿ ಕೂತಿದ್ದರು.

"ನಾಡಿದ್ದು ಬೆಟ್ಟಕ್ಕೆ ಹೋಗ್ತಿದೀವಿ," ಎಂದಳು ಅವಳು. "ಮಾತೆಗೆ ಹೇಳೋದು ತುಂಬಾ ಇದೆ ಈ ವರ್ಷ. ಅಲ್ಲಿ ಗಂಡಸರೂ ಬರಬಹುದು."

"ಬರ್ತೀನಿ."

"ಅದಕ್ಕೂ ಮುಂಚೆ ಒಂದು ಕೇಳ್ಲಾ? ನನ್ನ ಹೆಸರು ನಿಮ್ಮ ಬಾಯಲ್ಲಿ ಯಾಕೆ ಬರೋದೇ ಇಲ್ಲ?"

ಅವನು ಕೈಗವಸಿನ ಹೊಲಿಗೆಯನ್ನು ಬೆರಳಿನ ತುದಿಯಿಂದ ಸವರಿದ. "ಹೆದರಿಕೆ," ಎಂದ ಕೊನೆಗೆ. "ಒಂದ್ಸಲ ನಿಮ್ಮನ್ನ ಕರೆದೆ. ನೀವು ಎದ್ದು ಹೋಗ್ಬಿಟ್ರಿ."

"ನೀನು ಕರೆದಿದ್ದು ನನ್ನನ್ನಲ್ಲ."

ನೀನು ಎಂದದ್ದು ಅವಳಿಗೂ ಆಮೇಲೆಯೇ ಗೊತ್ತಾದದ್ದು. ಅವನು ತಲೆ ಎತ್ತಿ ಅವಳ ಕಣ್ಣನ್ನೇ ನೋಡಿದ.

"ಈಗ ಕರಿ," ಎಂದಳು. "ಮೆಲ್ಲಗಲ್ಲ. ಅವತ್ತು ಕರೆದ್ಯಲ್ಲ, ಆಸ್ಪತ್ರೆ ಗಂಟಲಲ್ಲಿ, ಹಾಗೇ."

"ಇಲ್ಲೇನಾ? ಎಲ್ಲರಿಗೂ ಕೇಳುತ್ತೆ."

"ಕೇಳ್ಲಿ ಅಂತಾನೇ."

ಅವನು ಗೋಡೆಯಿಂದ ಬೆನ್ನು ತೆಗೆದು ನೆಟ್ಟಗೆ ನಿಂತ. ಕೈಗವಸು ಹಾಕಿದ ಎರಡೂ ಕೈ ಪಕ್ಕಕ್ಕೆ ಬಿಟ್ಟ. ಒಮ್ಮೆ ಗಂಟಲು ಸರಿ ಮಾಡಿಕೊಂಡ.

"ಎರ್ಸಿಲಿಯಾ," ಎಂದು ಕರೆದ.

ಹೆಸರು ಓಣಿಯ ಎರಡು ಗೋಡೆಗಳ ನಡುವೆ, ಒಣಗಲು ಹಾಕಿದ ಬಟ್ಟೆಗಳ ಕೆಳಗೆ, ಆ ತುದಿಯವರೆಗೂ ಹೋಯಿತು. ಮೇಲೆ ಒಂದು ಕಿಟಕಿ ತೆರೆದುಕೊಂಡಿತು. ಯಾರೋ ಹೆಂಗಸು ಕತ್ತು ಹೊರಗೆ ಹಾಕಿ ಕೆಳಗೆ ಕೇಳಿದಳು, "ಯಾರನ್ನಪ್ಪ ಕರೀತಿರೋದು?"

ಎರ್ಸಿಲಿಯಾ ಹೊಸ್ತಿಲು ದಾಟಿ ಓಣಿಗೆ ಇಳಿದಳು.

"ನಾನೇ," ಎಂದಳು.